ಕೋಲಿಗೆ ಬಾಗದ ಬೆನ್ನು

ಬಿಷ್ಕೆಕ್
೯ ಮಾರ್ಚ್ ೧೯೯೯

ಪ್ರೀತಿಯ ಓರೋಜ್ ಅಣ್ಣನಿಗೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ನಮ್ಮ ವಾರ್ಡಿನ ಒಬ್ಬ ನರ್ಸ್ ಹೆರಿಗೆ ರಜೆಯಲ್ಲಿದ್ದಾಳೆ, ಇನ್ನೊಬ್ಬಳು ಗಂಡನ ಹಿಂದೆ ರಷ್ಯಾಕ್ಕೆ ಹೋದಳು. ಇಪ್ಪತ್ತು ಬೆನ್ನು ನೋವಿನವರು ನನ್ನೊಬ್ಬಳ ತಲೆಯ ಮೇಲೆ ಬಿದ್ದಿದ್ದಾರೆ. ಈಗ ಚಹಾ ಕುಡಿಯಲು ಸಿಕ್ಕ ಹೊತ್ತಿನಲ್ಲಿ ಇದನ್ನು ಗೀಚುತ್ತಿದ್ದೇನೆ.

ಬೆಳಿಗ್ಗೆ ಎದ್ದಾಗ ಸೊಂಟ ಮರಗಟ್ಟಿದ ಚರ್ಮದ ಹಾಗೆ ಬಿಗಿದಿರುತ್ತದೆ, ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತದೆ, ನಿಂತರೆ ಮತ್ತೆ ಶುರು, ಎಂದು ಬರೆದಿದ್ದೀರಿ. ಇದು ಡಿಸ್ಕ್ ಅಣ್ಣ, ಅನುಮಾನವೇ ಇಲ್ಲ. ನಮ್ಮಲ್ಲಿ ಬರುವವರೆಲ್ಲ ಅದೇ. ಹೇಳುವುದನ್ನು ಗಮನವಿಟ್ಟು ಕೇಳಿ. ಇನ್ನು ಮುಂದೆ ಬಗ್ಗಕೂಡದು. ಕುರಿ ಎತ್ತುವಾಗಲೂ ಬಗ್ಗಕೂಡದು, ನಿಂತಾಗಂತೂ ಗುಡಾರದ ಗಳುವಿನ ಹಾಗೆ ನೆಟ್ಟಗೆ ನಿಲ್ಲಬೇಕು. ಸೊಂಟಕ್ಕೆ ಪಟ್ಟಿ ಬಿಗಿಯಾಗಿ ಕಟ್ಟಿಕೊಳ್ಳಿ. ಕುದುರೆಯ ಕತ್ತಿನ ಮೇಲೆ ಬಗ್ಗಿ ಕೂತರೆ ಹಗುರವಾಗುತ್ತದೆ ಎಂದಿದ್ದೀರಲ್ಲ, ಅದು ಬರಿಯ ಭ್ರಮೆ. ಅತ್ತಿಗೆಯ ಅಪ್ಪ, ಆ ಮೂಳೆ ಕೂರಿಸುವ ಬೈತಿಕ್ ಅಜ್ಜನ ಕೈಗೆ ಬೆನ್ನು ಕೊಡಬೇಡಿ. ಬಗ್ಗಿದರೆ ಒಂದು ದಿನ ಕಾಲೇ ಬಿದ್ದುಹೋಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ.

ಅಪ್ಪನಿಗೆ, ಅವ್ವನಿಗೆ ನಮಸ್ಕಾರ. ಗಂಟೆ ಬಾರಿಸುತ್ತಿದ್ದಾರೆ, ಹೊರಟೆ.

ನಿಮ್ಮ ಸಲ್ಕಿನ್

*

ತಾಶ್-ಬುಲಾಕ್
೨೦ ಏಪ್ರಿಲ್ ೧೯೯೯

ತಂಗಿ ಸಲ್ಕಿನ್‌ಗೆ,

ನಿನ್ನ ಕಾಗದವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅಪ್ಪ ಮೀಸೆ ತಿರುವಿಕೊಂಡು, "ನಮ್ ಸಲ್ಕಿನ್ ಹೇಳಿದ ಮೇಲೆ ಮುಗೀತು ಕಣೋ. ಇಡೀ ಹಳ್ಳೀಲಿ ಬಿಳಿ ಕೋಟು ಹಾಕಿದೋಳು ಅವಳೊಬ್ಬಳೇ" ಅಂದ. ಆಮೇಲೆ ಯಾರು ಚಹಾಕ್ಕೆ ಬಂದರೂ ಅದೇ ಮಾತು.

ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ. ನಾನು ನೆಟ್ಟಗೆ ನಿಲ್ಲುವುದನ್ನು ನೋಡಿ ಕುರಿಗಳು ಗೂಟ ಎಂದು ತಿಳಿದು ಮೈ ಉಜ್ಜಿಕೊಳ್ಳುತ್ತವೆ. ನಿನ್ನ ಅತ್ತಿಗೆ ಜಿಪಾರ್ ಒಂಟೆ ಉಣ್ಣೆಯ ಪಟ್ಟಿ ಹೆಣೆದುಕೊಟ್ಟಿದ್ದಾಳೆ. ನನ್ನ ಮಾವ ಬೈತಿಕ್ ಬಂದು ಸೊಂಟ ಒತ್ತಿ ನೋಡಿ ಏನೇನೋ ಹೇಳಿದ. "ಬೇಡ ಮಾವ, ನನ್ ತಂಗಿ ನರ್ಸು" ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದ.

ನೋವು? ಇದೆ, ಇಲ್ಲ. ನನ್ನ ಬೆನ್ನಿನ ಚಿಂತೆ ಬಿಡು. ಮಲೆಯ ಮೇಲಿನ ಮೇವಿಗೆ ಮೇ ತಿಂಗಳಲ್ಲಿ ಹೊರಡುತ್ತೇವೆ. ನಿನಗೆಂದು ಅವ್ವ ಒಣಗಿಸಿದ ಮೊಸರಿನ ಉಂಡೆ ಕಟ್ಟಿಟ್ಟಿದ್ದಾಳೆ.

ಓರೋಜ್

*

ಬಿಷ್ಕೆಕ್
೩ ನವೆಂಬರ್ ೨೦೦೦

ಓರೋಜ್,

ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಹನ್ನೆರಡು ದಿನವಾಯಿತು. ಹೊರಡುವಾಗ ನಿನಗೆ ಹೇಳದೆ ಹೊರಟೆ; ಹೇಳಿದ್ದರೆ ಇನ್ನೂ ಏನೇನು ಬಾಯಿಗೆ ಬರುತ್ತಿತ್ತೋ. ಈಗ ಕೋಪ ಇಳಿದಿದೆ ಎಂದುಕೊಂಡು ಕಾಗದ ಹಿಡಿದೆ. ಇಳಿದಿಲ್ಲ.

ನಾನು ಗುಡಾರದೊಳಗೆ ಹೆಂಗಸರ ಜೊತೆ ಗೋಡೆಗೆ ಮುಖ ಮಾಡಿ ಕೂತು ಅಳುತ್ತಿದ್ದೆ. ಹೊರಗೆ, ಸತ್ತವರಿಗಾಗಿ ಕೋಲೂರಿ ನಿಂತು ಅಳುವ ಗಂಡಸರ ಸಾಲಿನಲ್ಲಿ, ಎಲ್ಲರಿಗಿಂತ ಮೊದಲು ನಿನ್ನ ದನಿ. ಸಾವಿಗೆ ಬಂದವರ ಕುದುರೆ ಸದ್ದಾದ ಕೂಡಲೆ ನೀನು "ಅಯ್ಯೋ ನನ್ನಪ್ಪಾ" ಎನ್ನುತ್ತಿದ್ದೆ, ನಿನ್ನ ಹಿಂದೆ ಉಳಿದವರು ದನಿ ಎತ್ತುತ್ತಿದ್ದರು. ಹಿರಿಮಗನ ದನಿ ಹಾಗಿರಬೇಕು ಎಂದು ಪಕ್ಕದವಳು ಹೇಳಿದಾಗ ಆ ದುಃಖದಲ್ಲೂ ನನಗೆ ಹೆಮ್ಮೆಯಾಗಿತ್ತು. ಮಧ್ಯಾಹ್ನ ಆ ದನಿ ನಿಂತಿತು. ನೀರಿಗೆಂದು ಹೊರಗೆ ಬಂದು ನೋಡಿದೆ. ಎಪ್ಪತ್ತೆರಡು ವರ್ಷದ ಅಸಾನಾಲಿ ಚಿಕ್ಕಪ್ಪ ಕೋಲಿನ ಮೇಲೆ ಬಾಗಿ ಅಳುತ್ತಿದ್ದ. ಅವನ ಮಕ್ಕಳು ಕೋಲೂರಿ ಬಾಗಿ ನಿಂತಿದ್ದರು. ಸಾಲಿನ ತಲೆಯಲ್ಲಿ ನಿನ್ನ ಜಾಗ ಖಾಲಿ. ನೀನು ಕುದುರೆ ಕಟ್ಟುವ ಕಂಬದ ಹತ್ತಿರ ಬೂದು ಕುದುರೆಯ ಮೇಲೆ, ಅದರ ಕತ್ತಿನ ಮೇಲೆ ಕವುಚಿಕೊಂಡು, ಕಣ್ಣು ಮುಚ್ಚಿ ಆರಾಮವಾಗಿ ಕೂತಿದ್ದೆ.

ನಾನು ಅಂದದ್ದು ನೆನಪಿದೆ, ಮರೆತಿಲ್ಲ: "ಅಪ್ಪನ ಮುಂದೆ ನಿಲ್ಲೋಕಾಗದ ಬೆನ್ನು ಕುದುರೆ ಮೇಲೆ ಮಾತ್ರ ಕೂರುತ್ತಾ? ಸುಳ್ಳ!" ಆಗಷ್ಟೇ ಬಂದಿದ್ದ ಮೇಲಿನ ಹಳ್ಳಿಯವರೆಲ್ಲ ಕೇಳಿಸಿಕೊಂಡರು. ಕೇಳಲಿ. ಬೆಳಿಗ್ಗೆಯಾದರೂ ನೀನು ಹೇಗೆ ನಿಂತಿದ್ದೆ? ಎಲ್ಲರೂ ದುಃಖಕ್ಕೆ ಬಾಗಿದ್ದರೆ ನೀನು ಕೋಲನ್ನು ನೆಲಕ್ಕೂ ಊರದೆ ಪಹರೆಯವನ ಹಾಗೆ ಸೆಟೆದುಕೊಂಡಿದ್ದೆ. ಅಪ್ಪ ಸತ್ತರೂ ಬಾಗದ ಸೊಕ್ಕು ಅದು.

ಇಪ್ಪತ್ತಮೂರು ವರ್ಷ ಬೆನ್ನು ನೋವಿನವರ ಮಧ್ಯೆ ಇದ್ದೇನೆ. ನಿಜವಾಗಿ ನೋಯುವವನು ಹಾಗೆ ಬಗ್ಗಿ ಜೀನಿನ ಮೇಲೆ ಕೂರಲಾರ. ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡೆ. ಇನ್ನು ನನಗೆ ಕಾಗದ ಬರೆಯಬೇಡ.

ಸಲ್ಕಿನ್

*

ತಾಶ್-ಬುಲಾಕ್
೧೫ ಸೆಪ್ಟೆಂಬರ್ ೨೦೦೩

ನಾದಿನಿ ಸಲ್ಕಿನ್‌ಗೆ ಜಿಪಾರ್ ಅತ್ತಿಗೆಯ ಹಾರೈಕೆ.

ಅವ್ವ ಹೇಳಿ ಬರೆಸುತ್ತಿದ್ದಾಳೆ. ಮೊಸರಿನ ಉಂಡೆಯ ಗಂಟು ಈ ಕಾಗದ ತರುವವನ ಕೈಯಲ್ಲಿದೆ. ಈ ಸಲ ಉಪ್ಪು ಕಡಿಮೆ ಬಿದ್ದಿದೆಯಂತೆ, ಬೈಕೊಳ್ಳಬೇಡ.

ಇನ್ನು ನನ್ನ ಮಾತು. ನಮ್ಮಪ್ಪ ಬೈತಿಕ್ ಆಗಸ್ಟಿನಲ್ಲಿ ಹೋಗಿಬಿಟ್ಟ. ಕೈಕಾಲು ಮುರಿದುಕೊಂಡವರು ಇನ್ನು ಪೇಟೆಯವರೆಗೂ ಹೋಗಬೇಕು. ಅಳಿಯನಾಗಿ ನಿನ್ನ ಅಣ್ಣ ಸಾವಿನ ಮನೆಗೆ ಬರಬೇಕಿತ್ತು, ಬರಲಿಲ್ಲ. ಅವತ್ತು ನಿಮ್ಮಪ್ಪನ ಸಾವಿನಲ್ಲಿ ಆದದ್ದರ ಮೇಲೆ ಅವರು ಯಾರ ಸಾವಿಗೂ ಹೋಗುವುದಿಲ್ಲ. ಊರವರು ಅವರಿಗೆ ಇಟ್ಟಿರುವ ಹೆಸರು "ಜೀನಿನ ಮೇಲೆ ಅತ್ತವನು". ಸಾವಿಗೆ ಹೋಗದವನನ್ನು ಮದುವೆಗೆ ಯಾರು ಕರೆಯುತ್ತಾರೆ?

ಅವರೂ ನಿನಗೆ ನಮಸ್ಕಾರ ಹೇಳಿದ್ದಾರೆ ಎಂದು ಬರೆ ಅಂದಳು ಅವ್ವ. ಬರೆದಿದ್ದೇನೆ.

ಜಿಪಾರ್

*

ಬಿಷ್ಕೆಕ್
೧೧ ಫೆಬ್ರವರಿ ೨೦೦೫

ಓರೋಜ್ ಅಣ್ಣನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕುವ ಮೊದಲು ಒಂದು ಸಲ ಓದಿಸಿಕೊಳ್ಳಿ. ನಿಮ್ಮ ಕಣ್ಣು ಮಂಜಾಗಿದೆ, ಅತ್ತಿಗೆ ಓದಿ ಹೇಳುತ್ತಾರೆ ಎಂದು ಕೇಳಿದ್ದೇನೆ. ಅವರ ಮುಂದೆಯೇ ಹೇಳಬೇಕಾದ ಮಾತು ಇದು.

ಹೋದ ಚಳಿಗಾಲದಿಂದ ನನಗೆ ಸೊಂಟ ನೋವು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು. ಔಷಧಿ ಕಪಾಟಿನ ಮುಂದೆ ಹತ್ತು ನಿಮಿಷ ನಿಂತರೆ ಸೊಂಟದ ಎರಡೂ ಕಡೆ ಯಾರೋ ಮೊಳೆ ಹೊಡೆದ ಹಾಗೆ. ನೋವು ಪೃಷ್ಠಕ್ಕೆ ಇಳಿದು ತೊಡೆಯಲ್ಲಿ ನಿಲ್ಲುತ್ತದೆ. ಡಿಸ್ಕ್ ಎಂದುಕೊಂಡೆ. ಪಟ್ಟಿ ಬಿಗಿದು ನೆಟ್ಟಗೆ ನಡೆದೆ, ಒಂದು ತಿಂಗಳು ಮಲಗಿಯೇ ಇದ್ದೆ. ನೋವು ದುಪ್ಪಟ್ಟಾಯಿತು. ಕೊನೆಗೆ ನಮ್ಮಲ್ಲಿಗೆ ಹೊಸದಾಗಿ ಬಂದ ನುರಿಯಾ ಎಂಬ ಡಾಕ್ಟರ್, ನನ್ನ ಮಗಳ ವಯಸ್ಸಿನವಳು, ಕರೆದು ನಿಲ್ಲಿಸಿದಳು.

"ಹಿಂದಕ್ಕೆ ಬಾಗಿ ಅಕ್ಕ" ಅಂದಳು. ಬಾಗಿದೆ, ಕಿರುಚಿದೆ. "ಈಗ ಮುಂದಕ್ಕೆ, ಮೇಜಿನ ಮೇಲೆ ಕೈಯಿಟ್ಟು." ಬಾಗಿದೆ. ಅಣ್ಣ, ಒಂದು ತಿಂಗಳ ಮೇಲೆ ಮೊದಲ ಸಲ ಉಸಿರು ಪೂರ್ತಿ ಬಿಟ್ಟೆ.

"ಇದು ಡಿಸ್ಕ್ ಅಲ್ಲ ಅಕ್ಕ" ಅಂದಳು. "ಬೆನ್ನುಮೂಳೆಯ ಒಂದೊಂದು ಮಣಿಗೂ ಹಿಂದುಗಡೆ ಎರಡೆರಡು ಪುಟ್ಟ ಕೀಲು ಇರ್ತಾವೆ, ಬಾಗಿಲಿನ ಕೀಲಿನ ಥರ. ಅವು ಸವೆದು ಸಂಧಿವಾತ ಹಿಡಿದಿದೆ. ನೆಟ್ಟಗೆ ನಿಂತ್ರೆ, ಹಿಂದಕ್ಕೆ ಬಾಗಿದ್ರೆ ಒಂದಕ್ಕೊಂದು ಒತ್ತುತ್ತಾವೆ. ಮುಂದಕ್ಕೆ ಬಾಗಿದ್ರೆ ಬಿಡಿಸಿಕೊಳ್ತಾವೆ. ಅದಕ್ಕೇ ನಿಂತ್ರೆ ನೋವು, ಕೂತು ಬಗ್ಗಿದ್ರೆ ಆರಾಮ." ಆಮೇಲೆ ನಗುತ್ತಾ ಅಂದಳು: "ಮನೇಲಿ ಕುದುರೆ ಇದ್ದಿದ್ರೆ ಅದರ ಮೇಲೇ ಕೂತ್ಕೊಳ್ಳಿ ಅಂತಿದ್ದೆ."

ಅವಳು ತಮಾಷೆಗೆ ಅಂದದ್ದು. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಅವಳು ನೋವಿಗೆ ಅಳುತ್ತಿದ್ದೇನೆ ಎಂದುಕೊಂಡು ನೀರು ತಂದಳು.

ನೀವು ಸುಳ್ಳು ಹೇಳಿರಲಿಲ್ಲ. ಆ ಕುದುರೆಯ ಮೇಲೆ ನೀವು ಆರಾಮವಾಗಿ ಕೂತಿರಲಿಲ್ಲ, ಉಸಿರು ಬಿಡಲು ಕೂತಿದ್ದಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ನೋಡಲಿಲ್ಲ, ಊರೆಲ್ಲ ಕೇಳುವಂತೆ ಕೂಗಿದೆ. ಚಿಕ್ಕಂದಿನಲ್ಲಿ ಹೊಳೆ ಏರಿದಾಗ ನನ್ನನ್ನು ಹೊತ್ತು ಶಾಲೆಗೆ ದಾಟಿಸುತ್ತಿದ್ದ ಬೆನ್ನು ಅದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು. ಆದರೂ ತಪ್ಪಾಯಿತು ಅಣ್ಣ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಸಾಲಿನಲ್ಲಿ ಎಲ್ಲರೂ ಕೋಲಿನ ಮೇಲೆ ಬಾಗಿಯೇ ನಿಲ್ಲುವುದಲ್ಲವೇ? ನೀವೂ ಹಾಗೇ ಬಾಗಿದ್ದರೆ ಸಂಜೆಯವರೆಗೂ ನಿಲ್ಲಬಹುದಿತ್ತು. ಅಷ್ಟು ಸೆಟೆದು ನಿಂತದ್ದೇಕೆ? ನಿಮಗೆ ಹಾಗೆ ನಿಲ್ಲಲು ಹೇಳಿದವರು ಯಾರು?

ನಿಮ್ಮ ಸಲ್ಕಿನ್

*

ತಾಶ್-ಬುಲಾಕ್
೧೨ ಮಾರ್ಚ್ ೨೦೦೫

ತಂಗಿಗೆ,

ಕಾಗದ ಬಂತು. ಜಿಪಾರ್ ಓದುತ್ತಾ ಎರಡು ಕಡೆ ನಿಲ್ಲಿಸಿದಳು, ನಾನು ಹೊರಗೆ ಹೋಗಿ ಕುದುರೆಗೆ ಹುಲ್ಲು ಹಾಕಿ ಬಂದೆ. ಬೂದು ಕುದುರೆ ಈಗಿಲ್ಲ. ಇದು ಅದರ ಮಗ. ಈ ಉತ್ತರವನ್ನು ಜಿಪಾರ್‌ಗೆ ಕೊಡದೆ ನಾನೇ ದಪ್ಪ ಅಕ್ಷರದಲ್ಲಿ ಗೀಚುತ್ತಿದ್ದೇನೆ.

ಆದದ್ದು ಆಯಿತು. ನಿನ್ನ ಮೇಲೆ ಸಿಟ್ಟಿಲ್ಲ. ಇತ್ತು. ಮೊದಲ ವರ್ಷ ಬಹಳ ಇತ್ತು, ಸುಳ್ಳೇಕೆ ಹೇಳಲಿ.

ಯಾರು ಹೇಳಿದರು ಎಂದು ಕೇಳಿದ್ದೀಯ. ಮೂಳೆ ಕೂರಿಸುವ ಮುದುಕ ಹೇಳಿದ್ದ. ಈಗ ಅವನೂ ಇಲ್ಲ, ಅದನ್ನು ಬಿಟ್ಟುಬಿಡು.

ಅವ್ವ ಹಾಸಿಗೆ ಹಿಡಿದಿದ್ದಾಳೆ. ಚಹಾ ಎರಡು ಗುಟುಕು, ರೊಟ್ಟಿ ಮುಟ್ಟುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಂದು ಜಗಳವಾಡಬೇಡ. ಅವ್ವ ಹೋದರೆ ನಾನು ಸಾಲಿನಲ್ಲಿ ನಿಲ್ಲುವುದಿಲ್ಲ. ಅಸಾನಾಲಿ ಚಿಕ್ಕಪ್ಪನ ಮಗನಿಗೆ ಹೇಳಿ ಇಟ್ಟಿದ್ದೇನೆ. ಬೆಳಿಗ್ಗೆ ನಿಂತು ಮಧ್ಯಾಹ್ನ ಓಡಿದ ಎಂದು ಎರಡನೇ ಸಲ ಅನ್ನಿಸಿಕೊಳ್ಳುವ ಶಕ್ತಿ ನನಗಿಲ್ಲ. ಅವ್ವನಿಗೂ ಹೇಳಿದೆ. ಅವಳು ಕೈ ಹಿಡಿದುಕೊಂಡು, "ಆಗ್ಲಿ ಮಗಾ, ನೋವಾದ್ರೆ ಬೇಡ" ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ನಿನ್ನ ಸೊಂಟಕ್ಕೆ ಏನು ಮಾಡುತ್ತಿದ್ದೀಯ?

ಓರೋಜ್

*

ಬಿಷ್ಕೆಕ್
೧೦ ಏಪ್ರಿಲ್ ೨೦೦೫

ಓರೋಜ್ ಅಣ್ಣನಿಗೆ,

ಆ ಬೈತಿಕ್ ಮುದುಕನೇ! ಅಂದುಕೊಂಡಿದ್ದೆ. ಸತ್ತವರನ್ನು ಬೈಯಬಾರದು, ಆದರೆ ಈ ಸಲ ಬೈದೇ ಬೈಯುತ್ತೇನೆ. ಅಕ್ಷರ ಗೊತ್ತಿಲ್ಲ, ಬೆನ್ನಿನೊಳಗೆ ಏನಿದೆ ಎಂದು ಕಂಡವನಲ್ಲ, ಮುಟ್ಟಿಯೂ ನೋಡದೆ ಬಾಯಿಗೆ ಬಂದದ್ದು ಹೇಳಿಬಿಡುವುದು! ಅವನ ಒಂದು ಮಾತಿನಿಂದ ನಿಮ್ಮ ಮಾನ ಹೋಯಿತು, ನಮ್ಮ ನಾಲ್ಕು ವರ್ಷ ಹೋಯಿತು. ಅಂಥವರಿಗೆ ಗೋರಿಯಲ್ಲೂ ನೆಮ್ಮದಿ ಸಿಗಬಾರದು.

ಈಗ ನನ್ನ ಮಾತು ಕೇಳಿ. ಈ ಸಲ ನಾನೇ ಅನುಭವಿಸಿ ಹೇಳುತ್ತಿರುವುದು. ಸವೆದ ಕೀಲು ಹೊಸದಾಗುವುದಿಲ್ಲ, ಆದರೆ ಅದರ ಜೊತೆ ಬಾಳಬಹುದು. ಮಲಗಿಯೇ ಇರಬೇಡಿ, ದಿನಾ ನಡೆಯಿರಿ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ಹತ್ತು ಉಸಿರು ಇರಿ. ಬಿಸಿ ಉಪ್ಪಿನ ಗಂಟು ಸೊಂಟಕ್ಕಿಡಿ. ಪಟ್ಟಿಯನ್ನು ದಿನವೆಲ್ಲ ಬಿಗಿದುಕೊಂಡಿರಬೇಡಿ. ಕಾಲಿಗೆ ಜೋಮು ಹಿಡಿದರೆ, ಮೂತ್ರಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ಪೇಟೆಯ ಆಸ್ಪತ್ರೆಗೆ ಹೋಗಿ.

ಅವ್ವನ ವಿಷಯ. ಆ ದಿನ ಬಂದರೆ ದಯವಿಟ್ಟು ನಿಲ್ಲಿ. ಕೋಲನ್ನು ಎದೆಯ ಮಟ್ಟಕ್ಕೆ ಕತ್ತರಿಸಿಕೊಳ್ಳಿ, ಉದ್ದ ಬೇಡ. ಎರಡೂ ಕೈ ಅದರ ಮೇಲಿಟ್ಟು, ಹಣೆಯನ್ನು ಕೈ ಮೇಲಿಟ್ಟು, ಎಷ್ಟು ಬಾಗಬೇಕೋ ಅಷ್ಟೂ ಬಾಗಿ. ದುಃಖಕ್ಕೆ ಬಾಗಿದ್ದಾನೆ ಎಂದುಕೊಳ್ಳುತ್ತಾರೆ. ಅದೂ ನಿಜವೇ ತಾನೇ? ನಮ್ಮ ಹಿರಿಯರು ಆ ಕೋಲನ್ನು ಸುಮ್ಮನೆ ಕೈಗೆ ಕೊಟ್ಟಿಲ್ಲ.

ಮೇ ಕೊನೆಗೆ ರಜೆ ಸಿಗುತ್ತದೆ, ಬರುತ್ತೇನೆ. ಅವ್ವನಿಗೆ ಹೇಳಿ, ನಾನು ಬರುವವರೆಗೆ ಇರಬೇಕು.

ಸಲ್ಕಿನ್

*

ತಾಶ್-ಬುಲಾಕ್
೧೬ ಮೇ ೨೦೦೫

ತಂಗಿಗೆ,

ಅಂಚೆ ಕಚೇರಿಯಿಂದ ಫೋನು ಮಾಡಿದಾಗ ನಿನ್ನ ಪಕ್ಕದ ಮನೆಯವಳು ಎತ್ತಿದಳು. ನೀನು ರೋಗಿಯನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಐದು ದಿನದಿಂದ ನೆಲದ ಮೇಲೆ ಮಲಗಿದ್ದೀಯ, ಹೊರಳಲೂ ಆಗುತ್ತಿಲ್ಲ ಅಂದಳು. ನಿನಗೆ ಸುದ್ದಿ ಮುಟ್ಟಿಸಿದಳು ಎಂದು ನಂಬಿದ್ದೇನೆ. ಹತ್ತನೇ ತಾರೀಖು ಬೆಳಿಗ್ಗೆ ಅವ್ವ ಹೋದಳು. ನೋವಿಲ್ಲದೆ ಹೋದಳು. ಬಾಗಿಲ ಕಡೆ ನೋಡುತ್ತಿದ್ದಳು, ಅದನ್ನೂ ಹೇಳಿಬಿಡುತ್ತೇನೆ.

ನಾನು ನಿಂತೆ.

ನೀನು ಹೇಳಿದ ಹಾಗೆ ಕೋಲು ಕತ್ತರಿಸಿಕೊಂಡೆ. ಚಿಕ್ಕಪ್ಪನ ಮಗ ಸಾಲಿನ ತಲೆಯಲ್ಲಿ ನಿಂತಿದ್ದ. ನಾನು ಹೋಗಿ ಭುಜ ಮುಟ್ಟಿದೆ, ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಹಣೆಯನ್ನು ಕೈ ಮೇಲಿಟ್ಟು ಬಾಗಿದೆ. ನೋವಿತ್ತು, ಆದರೆ ತಡೆಯುವಷ್ಟು. ಎರಡು ದಿನ ನಿಂತೆ ಸಲ್ಕಿನ್. ಮೇಲಿನ ಹಳ್ಳಿಯವರು ಬಂದರು, ಹೊಳೆಯಾಚೆಯವರು ಬಂದರು, ಎಲ್ಲರಿಗೂ ನನ್ನ ದನಿಯೇ ಮೊದಲು. ಇಷ್ಟು ಸುಲಭವೇ ಎಂದು ಅನ್ನಿಸಿತು. ಅಪ್ಪನಿಗೂ ಇಷ್ಟೇ ಸಾಕಾಗಿತ್ತು. ಒಂದು ಕೋಲಿನ ಮೇಲೆ ಬಾಗುವುದು, ಅಷ್ಟೇ. ಆಗ ಅವ್ವನಿಗೋ ಅಪ್ಪನಿಗೋ ಯಾರಿಗೆ ಅಳುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ.

ಎರಡನೇ ದಿನ ಅಸಾನಾಲಿ ಚಿಕ್ಕಪ್ಪ ಎಲ್ಲರ ಮುಂದೆ ಕೇಳಿದ: "ಮಗಳೆಲ್ಲೋ? ಬೆನ್ನು ನೋವಂತಾ? ಆಸ್ಪತ್ರೇಲೇ ಇರೋಳಿಗೆ ಎಂಥಾ ಬೆನ್ನು ನೋವು? ಸುಳ್ಳಿ!" ನಾನು ಕೋಲಿನಿಂದ ತಲೆ ಎತ್ತಿ ಅಂದೆ, "ಚಿಕ್ಕಪ್ಪಾ, ಅವಳು ಬರ್ಲಿಲ್ಲ ಅಂದ್ರೆ ಬರೋಕಾಗ್ಲಿಲ್ಲ ಅಂತ ಅರ್ಥ. ಆ ನೋವು ನಂಗೊತ್ತು. ಇನ್ನೊಂದ್ ಮಾತು ಆಡ್ಬೇಡ." ಚಿಕ್ಕಪ್ಪ ಮತ್ತೆ ಕೋಲಿನ ಮೇಲೆ ಬಾಗಿದ.

ಒಳಗೆ ಹೆಂಗಸರ ಸಾಲಿನಲ್ಲಿ ನಿನ್ನ ಜಾಗದಲ್ಲಿ ಯಾರೂ ಕೂರದ ಹಾಗೆ ಜಿಪಾರ್ ನೋಡಿಕೊಂಡಳು. ಅವ್ವನ ನಲವತ್ತನೇ ದಿನದ ಊಟ ಜೂನ್ ಹದಿನೆಂಟಕ್ಕೆ ಬೀಳುತ್ತದೆ. ಬರಲು ಆದರೆ ಬಾ, ಆಗದಿದ್ದರೆ ಬೇಡ.

ಓರೋಜ್

*

ತಾಶ್-ಬುಲಾಕ್
೨೮ ಮೇ ೨೦೦೫

ಸಲ್ಕಿನ್,

ಇದನ್ನು ಬರೆಯುತ್ತಿರುವುದು ನಿನ್ನ ಅಣ್ಣನಿಗೆ ಗೊತ್ತಿಲ್ಲ. ಗೊತ್ತಾದರೆ ಬೈಸಿಕೊಳ್ಳುತ್ತೇನೆ, ಪರವಾಗಿಲ್ಲ.

ಸಾವಿನ ದಿನ ಹಾಕಿಕೊಂಡ ಕಪ್ಪು ನಿಲುವಂಗಿಯನ್ನು ಕೊಡವಿ ಮಡಿಸುತ್ತಿದ್ದೆ. ಅದನ್ನು ಅವರು ಹಾಕಿಕೊಂಡದ್ದು ಎರಡೇ ಸಲ, ನಿಮ್ಮಪ್ಪನಿಗೆ ಒಂದು, ಅವ್ವನಿಗೆ ಒಂದು. ಒಳಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಕ್ಷರ ನಿನ್ನದೇ, ಗುರುತು ಸಿಗುತ್ತದೆ. ತಾರೀಖೂ ಇದೆ.

ನಮ್ಮಪ್ಪನ ಮೇಲೆ ನೀನು ಬರೆದ ಬೈಗುಳವನ್ನು ಏಪ್ರಿಲಿನಲ್ಲಿ ನನ್ನ ಬಾಯಿಂದಲೇ ಓದಿದೆ. ಗೋರಿಯಲ್ಲೂ ನೆಮ್ಮದಿ ಸಿಗಬಾರದು ಎಂಬಲ್ಲಿ ನಿನ್ನ ಅಣ್ಣ "ಸಾಕು ಬಿಡೇ" ಅಂದರು, ತಲೆ ಎತ್ತಲಿಲ್ಲ. ಅವತ್ತೇ ಅನುಮಾನ ಬಂತು. ನಮ್ಮಪ್ಪ ಆರು ವರ್ಷದ ಹಿಂದೆ ಅವರ ಸೊಂಟ ಒತ್ತಿ ನೋಡಿ ಹೇಳಿದ್ದು ಇಷ್ಟೇ, ನಾನು ಪಕ್ಕದಲ್ಲೇ ಚಹಾ ಬಗ್ಗಿಸುತ್ತಿದ್ದೆ: "ಅಳಿಯಾ, ಯಾವ ಕಡೆ ಬಾಗಿದ್ರೆ ಹಗುರ ಆಗುತ್ತೋ ಆ ಕಡೆ ಬಾಗು. ನೆಟ್ಟಗೆ ನಿಲ್ಬೇಡ. ಮೈಗೆ ಗೊತ್ತಿರುತ್ತೆ." ಅದಕ್ಕೆ ನಿನ್ನ ಅಣ್ಣ "ನನ್ನ ತಂಗಿ ನರ್ಸು" ಅಂದರು.

ಸತ್ತವರು ಎದ್ದು ಬಂದು ಜಗಳವಾಡುವುದಿಲ್ಲ ಎಂದು ನಿನ್ನ ತಪ್ಪನ್ನು ನಮ್ಮಪ್ಪನ ತಲೆಗೆ ಕಟ್ಟಿದರು ನಿನ್ನ ಅಣ್ಣ. ನಿನ್ನ ಮೇಲಿನ ಪ್ರೀತಿಗೆ. ಅವರದು ಅವರಿಗೆ. ನಾನು ಬೈತಿಕನ ಮಗಳು, ನನಗೂ ಒಬ್ಬ ಅಪ್ಪ ಇದ್ದ.

ಜಿಪಾರ್

*

ಬಿಷ್ಕೆಕ್
೭ ಜೂನ್ ೨೦೦೫

ಜಿಪಾರ್ ಅತ್ತಿಗೆಗೆ, ಓರೋಜ್ ಅಣ್ಣನಿಗೆ,

ಇಬ್ಬರ ಹೆಸರನ್ನೂ ಬರೆದಿದ್ದೇನೆ. ಇನ್ನು ಈ ಮನೆಯಲ್ಲಿ ಒಬ್ಬರಿಂದೊಬ್ಬರು ಮುಚ್ಚಿಡುವ ಕಾಗದ ಬೇಡ. ಅಣ್ಣ, ಅತ್ತಿಗೆಗೆ ಒಂದು ಮಾತೂ ಅನ್ನಬೇಡಿ.

ಕಾಗದ ನೋಡಿದೆ. ಚಹಾದ ಕಲೆಯೂ ಹಾಗೇ ಇದೆ. ಬರೆದದ್ದು ನೆನಪೇ ಇರಲಿಲ್ಲ ನನಗೆ. ನೀವು ಆರು ವರ್ಷ ಎದೆಯ ಹತ್ತಿರ ಇಟ್ಟುಕೊಂಡದ್ದು ನಾನು ಚಹಾ ಕುಡಿಯುತ್ತಾ ಗೀಚಿ ಮರೆತದ್ದು. ಕುದುರೆಯ ಕತ್ತಿನ ಮೇಲೆ ಬಗ್ಗಿದರೆ ಹಗುರವಾಗುತ್ತದೆ ಎಂದು ನೀವೇ ಬರೆದಿದ್ದಿರಿ. ರೋಗವೇ ಬಾಯಿಬಿಟ್ಟು ಹೇಳಿದ ಹಾಗಿತ್ತು. ಅದನ್ನು ನಾನು ಭ್ರಮೆ ಎಂದೆ. ಮುಟ್ಟಿಯೂ ನೋಡದೆ ಬಾಯಿಗೆ ಬಂದದ್ದು ಹೇಳಿದವಳು ನಾನು. ಬೈತಿಕ್ ಅಜ್ಜ ಮುಟ್ಟಿ ನೋಡಿ ಹೇಳಿದ್ದ.

ಅಪ್ಪನ ಮುಂದೆ ನೀವು ನಿಲ್ಲಲಿಲ್ಲ ಎಂದು ಊರೆದುರು ಕೂಗಿದೆನಲ್ಲ, ನಿಮ್ಮನ್ನು ನಿಲ್ಲದ ಹಾಗೆ ಮಾಡಿದವಳೇ ನಾನು. ನೀವು ಬಾಗಲಿಲ್ಲ, ಏಕೆಂದರೆ ತಂಗಿ ಬೇಡ ಎಂದಿದ್ದಳು. ಆ ಹೊತ್ತಿಗೆ ಜೇಬಿನಿಂದ ಕಾಗದ ತೆಗೆದು ನನ್ನ ಮುಖಕ್ಕೆ ಎಸೆದಿದ್ದರೆ ಆಗುತ್ತಿತ್ತು. ಏಕೆ ಎಸೆಯಲಿಲ್ಲ ಅಣ್ಣ? ಬೇಡ, ಹೇಳಬೇಡಿ. ಗೊತ್ತು. ಬಿಳಿ ಕೋಟು ಹಾಕಿದವಳು ಹಳ್ಳಿಗೆಲ್ಲ ಅವಳೊಬ್ಬಳೇ ಎಂದು ಅಪ್ಪ ಹೇಳಿಕೊಂಡು ತಿರುಗಿದ್ದ.

ಅತ್ತಿಗೆ, ಬಂದ ಕೂಡಲೆ ಮೊದಲು ನಿಮ್ಮ ಅಪ್ಪನ ಗೋರಿಗೆ ನನ್ನನ್ನು ಕರೆದುಕೊಂಡು ಹೋಗಿ, ಆಮೇಲೆ ಅವ್ವನ ಹತ್ತಿರ. ನಲವತ್ತನೇ ದಿನ ಊರೆಲ್ಲ ಊಟಕ್ಕೆ ಕೂತಾಗ ಈ ಹಳೆಯ ಕಾಗದವನ್ನು ನಾನೇ ಎದ್ದು ಓದುತ್ತೇನೆ. ಅವತ್ತು ನಾನು ಕೂಗಿದ್ದನ್ನು ಕೇಳಿಸಿಕೊಂಡವರೆಲ್ಲ ಇದನ್ನೂ ಕೇಳಿಸಿಕೊಳ್ಳಲಿ. ಬೇಡ ಎನ್ನಬೇಡಿ ಅಣ್ಣ, ಇನ್ನು ನನ್ನ ಮಾತು ಕೇಳಬೇಡಿ ಎಂದು ನಾನೇ ಹೇಳಬೇಕು, ಆದರೂ ಈ ಒಂದು ಸಲ ಕೇಳಿ.

ಈಗ ಕೋಲು ಹಿಡಿದು ನಡೆಯುತ್ತಿದ್ದೇನೆ. ಹದಿನೇಳಕ್ಕೆ ಇಲ್ಲಿಂದ ಹೊರಡುವ ಗಾಡಿ ಹೊಳೆಯ ಸೇತುವೆಯವರೆಗೆ ಮಾತ್ರ ಬರುತ್ತದಂತೆ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಇಳಿಯುತ್ತೇನೆ. ಅಲ್ಲಿ ನಿಂತು ಕಾಯಲು ನನ್ನಿಂದ ಆಗುವುದಿಲ್ಲ. ಕುದುರೆ ತನ್ನಿ ಅಣ್ಣ.

ಸಲ್ಕಿನ್